ಶಪಥದ ಮೂರನೆಯ ರಾತ್ರಿ

ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನಾಡು ಅವರ ಹಾಡುಗಳನ್ನು ನೆನೆಯಿತು. ಹಾಲಕ್ಕಿ ಒಕ್ಕಲಿಗರ ಹಾಡಿನ ಭಂಡಾರವನ್ನೇ ನಾಲಿಗೆಯ ಮೇಲಿಟ್ಟುಕೊಂಡಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಜ್ಜಿಗೆ ಆ ನೆನಕೆ ಸಲ್ಲಬೇಕಾದದ್ದೇ. ಅವರು ಮಾಡಿದ ಇನ್ನೊಂದು ಕೆಲಸಕ್ಕೂ ಅಷ್ಟೇ ಜಾಗ ಸಿಗಬೇಕಿತ್ತು. ಸಾಕುಮಗನನ್ನು ಕುಡಿತ ಕೊಂಡೊಯ್ದ ನೋವನ್ನುಂಡ ಆ ತಾಯಿ ತನ್ನೂರಿನಲ್ಲಿ ಸರಾಯಿ ಮಾರಾಟದ ವಿರುದ್ಧ ನಿಂತರು, ಹೆಂಗಸರನ್ನು ನಿಲ್ಲಿಸಿದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಅಂದು ಕಂಡುಕೊಂಡ ಸತ್ಯ ಸರಳವಾಗಿತ್ತು. ಮನೆಯ ಗಂಡಸು ಕುಡಿಯುವುದು ಅವನೊಬ್ಬನ ಖಾಸಗಿ ವಿಷಯವಲ್ಲ, ಅದು ಊರಿನ ವಿಷಯ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸರಾಯಿ ನಿಷೇಧವಾಯಿತು. ಸರಾಯಿ ಅಂಗಡಿಗಳು ಬಾಗಿಲು ಹಾಕಿದವು. ಕುಡಿತ ಬೇರೆ ಪೊಟ್ಟಣ ಹೊಕ್ಕಿತು. ಅಗ್ಗದ ವಿಸ್ಕಿ ಬಂತು, ಕಳ್ಳಬಟ್ಟಿ ಉಳಿಯಿತು, ಗಡಿಯಾಚೆಯ ಗೋವಾ ಮದ್ಯವಂತೂ ಎಂದೂ ದೂರವಿರಲಿಲ್ಲ. ಹೋರಾಟ ಸೋತಿತೆಂದು ಇದರ ಅರ್ಥವಲ್ಲ. ಬೀದಿಗಿಳಿದು ಮಾಡಬಹುದಾದ ಅರ್ಧ ಕೆಲಸವನ್ನು ಆ ಹೆಂಗಸರು ಮಾಡಿದ್ದರು. ಕುಡಿತ ಕಾಯಿಲೆಯ ಹಂತ ಮುಟ್ಟಿದ ಮನುಷ್ಯನ ಮಿದುಳಿಗೆ, ಮನಸ್ಸಿಗೆ ಚಿಕಿತ್ಸೆ ಕೊಡುವ ಉಳಿದರ್ಧ ಕೆಲಸ ಸರ್ಕಾರದ್ದಾಗಿತ್ತು, ವೈದ್ಯರದ್ದಾಗಿತ್ತು, ಓದಿದ ನಮ್ಮೆಲ್ಲರದ್ದಾಗಿತ್ತು. ಅದು ಕಾರವಾರ, ಅಂಕೋಲೆಗಳಲ್ಲಿ ಇನ್ನೂ ಆಗಬೇಕಾದಷ್ಟು ಆಗಿಲ್ಲ. ಆಗದಿರುವುದಕ್ಕೆ ಹಣದ ಕೊರತೆಗಿಂತ ತಿಳಿವಳಿಕೆಯ ಕೊರತೆ ದೊಡ್ಡ ಕಾರಣ ಎಂಬುದು ನನ್ನ ವಾದ. ಕುಡಿತವನ್ನು ನಾವು ನಡತೆಯ ಲೆಕ್ಕಕ್ಕೆ ಹಾಕಿದ್ದೇವೆ, ಗಾಂಜಾವನ್ನು ಪೊಲೀಸರ ಲೆಕ್ಕಕ್ಕೆ, ಮನೋರೋಗವನ್ನು ಗಾಳಿ-ಗ್ರಹಚಾರದ ಲೆಕ್ಕಕ್ಕೆ, ಮನೋರೋಗದ ಮಾತ್ರೆಯನ್ನು ಭಯದ ಲೆಕ್ಕಕ್ಕೆ. ಈ ನಾಲ್ಕೂ ನಡೆಯುವುದು ಒಂದೇ ಮಿದುಳಿನಲ್ಲಿ. ನಾಲ್ಕನ್ನೂ ಒಟ್ಟಿಗೆ ನೋಡದೆ ಒಂದೂ ಅರ್ಥವಾಗುವುದಿಲ್ಲ.

ತಡೆಯೊಂದೇ ಸಾಕೇ ಎಂಬ ಪ್ರಶ್ನೆಗೆ ಉತ್ತರ ಕೊಡುವಷ್ಟು ಅನುಭವ ಈ ಗಡಿನಾಡಿಗಿದೆ. ಉತ್ತರ ಕನ್ನಡ 1956ರ ನವೆಂಬರ್‌ವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ 1949ರ ಕಾಯ್ದೆಯ ಪ್ರಕಾರ ಪಾನನಿಷೇಧವಿತ್ತು. ಕಾಳಿ ನದಿ ದಾಟಿ ಮಾಜಾಳಿಯ ಆಚೆ ಹೋದರೆ ಪೋರ್ಚುಗೀಸರ ಗೋವಾ, ಅಲ್ಲಿ ನಿಷೇಧವಿರಲಿಲ್ಲ. ಗೋವಾ ವಿಮೋಚನೆಯಾದದ್ದು 1961ರಲ್ಲಿ, ಆದರೂ ಮದ್ಯದ ದರದ ಅಂತರ ಇಂದಿಗೂ ಗಡಿಯ ಎರಡು ಬದಿಗಳಲ್ಲಿ ಉಳಿದಿದೆ. ಮಾಜಾಳಿ ತಪಾಸಣಾ ಠಾಣೆಯಲ್ಲಿ ಅಬಕಾರಿ ಸಿಬ್ಬಂದಿ ಇಂದಿಗೂ ಗೋವಾ ಮದ್ಯ ಹಿಡಿಯುತ್ತಲೇ ಇದ್ದಾರೆ. ಆ ಕೆಲಸ ಬೇಡವೆಂದು ಹೇಳುತ್ತಿಲ್ಲ. ಮದ್ಯ ಸುಲಭವಾಗಿ, ಅಗ್ಗವಾಗಿ ಸಿಕ್ಕಷ್ಟೂ ಕುಡಿಯುವವರ ಸಂಖ್ಯೆಯೂ ಕುಡಿಯುವ ಪ್ರಮಾಣವೂ ಏರುತ್ತವೆ, ಇದು ಲೋಕದ ಅನುಭವ. ಆದ್ದರಿಂದ ಹೊಸಬರು ಕುಡಿತಕ್ಕೆ ಬೀಳದಂತೆ ತಡೆಯಲು ತಡೆಗೋಡೆ ಬೇಕು. ಈಗಾಗಲೇ ಬಿದ್ದವನಿಗೆ ಅದು ಏನನ್ನೂ ಮಾಡುವುದಿಲ್ಲ. ಅವನಿಗೆ ಬೇಕಾದದ್ದು ಏನೆಂದು ತಿಳಿಯಲು ಮದ್ಯ ದೇಹದೊಳಗೆ ಮಾಡುವ ಕೆಲಸವನ್ನೇ ನೋಡಬೇಕು.

ಮನಸ್ಸಿನ ಮೇಲೆ ಪರಿಣಾಮ ಬೀರುವ ವಸ್ತುಗಳ ಜೊತೆ ನಾವು ದಿನವೂ ಬದುಕುತ್ತೇವೆ. ಬೆಳಗಿನ ಚಹಾದ ಕೆಫೀನ್ ನಿದ್ದೆಯ ಒತ್ತಡವನ್ನು ಮರೆಸುತ್ತದೆ. ಊಟದ ಮೇಲಿನ ಕವಳದಲ್ಲಿ ಅಡಿಕೆಯ ಅರೆಕೋಲಿನ್ ಇದೆ, ತಂಬಾಕು ಸೇರಿದರೆ ನಿಕೋಟಿನ್ ಇದೆ. ಎರಡೂ ನರಗಳನ್ನು ಚುರುಕುಗೊಳಿಸುತ್ತವೆ, ಎರಡೂ ಬಿಡಲಾಗದಂತೆ ಹಿಡಿಯುತ್ತವೆ, ಅಡಿಕೆಯೂ ತಂಬಾಕೂ ಬಾಯಿಯ ಕ್ಯಾನ್ಸರಿಗೆ ದಾರಿಯಾಗುತ್ತವೆ. ಮದ್ಯ ಇವುಗಳ ಸಾಲಿನಲ್ಲೇ ಬರುವ, ಇನ್ನೂ ಬಲವಾದ ವಸ್ತು. ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಅದು ಹೆಚ್ಚಿಸುತ್ತದೆ, ಉದ್ರೇಕಿಸುವ ಗ್ಲುಟಮೇಟ್‌ನ ಕೆಲಸವನ್ನು ತಗ್ಗಿಸುತ್ತದೆ. ಮೊದಲ ಗುಟುಕಿಗೆ ಸಿಗುವ ನಿರಾಳ ಅಲ್ಲಿಂದ ಬರುತ್ತದೆ. ಕುಡಿತ ದಿನನಿತ್ಯದ್ದಾದರೆ ಮಿದುಳು ಸುಮ್ಮನಿರುವುದಿಲ್ಲ. ಅದು ತನ್ನ ಶಾಂತಗೊಳಿಸುವ ವ್ಯವಸ್ಥೆಯನ್ನು ಕುಗ್ಗಿಸಿ, ಉದ್ರೇಕದ ವ್ಯವಸ್ಥೆಯನ್ನು ಹಿಗ್ಗಿಸಿ ಮದ್ಯಕ್ಕೆ ಎದುರಾಗಿ ನಿಲ್ಲುತ್ತದೆ. ಅಂಥವನು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಆಗುವುದು ಹಗ್ಗಜಗ್ಗಾಟದಲ್ಲಿ ಒಂದು ಪಕ್ಷ ತಟ್ಟನೆ ಹಗ್ಗ ಬಿಟ್ಟಾಗ ಇನ್ನೊಂದು ಪಕ್ಷಕ್ಕೆ ಆಗುವ ಗತಿ. ಉದ್ರೇಕ ಎದುರಾಳಿಯಿಲ್ಲದೆ ಮಿದುಳನ್ನು ಎಳೆದು ಕೆಡವುತ್ತದೆ.

ಅದರ ಲಕ್ಷಣಗಳು ಗಡಿಯಾರ ನೋಡಿಕೊಂಡಂತೆ ಬರುತ್ತವೆ. ಕೊನೆಯ ಕುಡಿತದ ಆರೆಂಟು ತಾಸಿನಲ್ಲಿ ಕೈ ನಡುಕ, ಬೆವರು, ವಾಕರಿಕೆ. ಎರಡು ದಿನದೊಳಗೆ ಕೆಲವರಿಗೆ ಅಪಸ್ಮಾರದಂಥ ಸೆಳವು. ಎರಡರಿಂದ ನಾಲ್ಕನೆಯ ದಿನದ ನಡುವೆ, ಹೆಚ್ಚಾಗಿ ಮೂರನೆಯ ರಾತ್ರಿಯ ಹೊತ್ತಿಗೆ, ಕೆಲವರಲ್ಲಿ ಸನ್ನಿ. ಎಲ್ಲಿದ್ದೇನೆಂಬುದು ತಿಳಿಯದು, ಗೋಡೆಯ ಮೇಲೆ ಹುಳ ಹಾವು ಹರಿಯುತ್ತವೆ, ಯಾರೋ ಕೊಲ್ಲಲು ಬಂದಂತೆ ಕಾಣುತ್ತದೆ, ಜ್ವರ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ವೈದ್ಯಲೋಕ ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎಂದು 1813ರಿಂದಲೇ ಗುರುತಿಸಿದೆ. ಚಿಕಿತ್ಸೆ ಇಲ್ಲದ ಕಾಲದಲ್ಲಿ ಮೂವರಲ್ಲಿ ಒಬ್ಬರವರೆಗೂ ಇದರಿಂದ ಸಾಯುತ್ತಿದ್ದರು. ಸರಿಯಾದ ಚಿಕಿತ್ಸೆ ಸಿಕ್ಕರೆ ಇಂದು ಸಾವು ನೂರಕ್ಕೆ ಐದಕ್ಕಿಂತ ಕಡಿಮೆ. ಚಿಕಿತ್ಸೆಯೂ ದುಬಾರಿಯಲ್ಲ. ಡಯಾಜೆಪಾಮ್ ಅಥವಾ ಲೊರಾಜೆಪಾಮ್, ನೀರು ಮತ್ತು ಲವಣ, ಥಯಾಮಿನ್ ಅಂದರೆ ಬಿ1 ವಿಟಮಿನ್, ಮತ್ತು ಕಣ್ಣಿಟ್ಟು ನೋಡಿಕೊಳ್ಳುವ ದಾದಿ.

ಆ ಮೂರನೆಯ ರಾತ್ರಿ ನಮ್ಮೂರುಗಳಲ್ಲಿ ಹೇಗೆಲ್ಲ ಬರುತ್ತದೆ ನೋಡಿ. ದೋಣಿಯಲ್ಲಿ ಬಿದ್ದು ಕಾಲು ಮುರಿದುಕೊಂಡವನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಕುಡಿತದ ಮಾತು ಮನೆಯವರು ನಾಚಿಕೆಯಿಂದ ಎತ್ತುವುದಿಲ್ಲ, ಕೇಳುವ ಪುರಸೊತ್ತು ವಾರ್ಡಿನಲ್ಲಿ ಇರುವುದಿಲ್ಲ. ಮೂರನೆಯ ರಾತ್ರಿ ಅವನು ಹಾಸಿಗೆ ಬಿಟ್ಟೆದ್ದು ಕೂಗಾಡಿದಾಗ ‘ತಲೆ ಕೆಟ್ಟಿತು’ ಎನ್ನುತ್ತಾರೆ. ಇನ್ನೊಬ್ಬ ಶಬರಿಮಲೆಯ ಮಾಲೆ ಹಾಕುತ್ತಾನೆ. ಹತ್ತು ವರ್ಷದ ಕುಡಿತವನ್ನು ಒಂದು ಬೆಳಗಿನಲ್ಲಿ ನಿಲ್ಲಿಸುತ್ತಾನೆ. ಎರಡು ದಿನಕ್ಕೆ ನಡುಗಲು ಹತ್ತಿದರೆ ವ್ರತದಲ್ಲಿ ಏನೋ ಲೋಪವಾಯಿತೆಂದು ಮನೆಯವರು ಹೆದರುತ್ತಾರೆ. ಮತ್ತೊಬ್ಬ ಹೆಂಡತಿ ಮಕ್ಕಳ ಎದುರು ದೇವರ ಮೇಲೆ ಆಣೆ ಮಾಡಿ ಬಾಟ್ಲಿ ಎಸೆಯುತ್ತಾನೆ, ನಡುಕ ತಡೆಯಲಾರದೆ ನಾಲ್ಕನೆಯ ದಿನ ಕುಡಿಯುತ್ತಾನೆ, ‘ಆಣೆಗೂ ಬೆಲೆಯಿಲ್ಲದವ’ ಎಂಬ ಹೆಸರು ಹೊರುತ್ತಾನೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್‌ನಿಂದ ಮುಚ್ಚಿದ ಮದ್ಯದಂಗಡಿಗಳು ನಮ್ಮ ರಾಜ್ಯದಲ್ಲಿ ಮೇ 4ಕ್ಕೆ ತೆರೆದವು. ಅಷ್ಟು ದಿನ ಮದ್ಯ ಸಿಗದವರ ಇಂಥ ಪಾಡನ್ನು ದಕ್ಷಿಣದ ರಾಜ್ಯಗಳ ಆಸ್ಪತ್ರೆಗಳು ಕಂಡವು. ಇಲ್ಲೆಲ್ಲ ಸೋತದ್ದು ಮನುಷ್ಯನ ಮನೋಬಲವೆಂದು ತೀರ್ಪು ಕೊಡುವುದು ಅನ್ಯಾಯ. ಸಂಕಲ್ಪ ದೊಡ್ಡದು, ವ್ರತ ಕೊಡುವ ಬಲ ನಿಜ. ಆ ಸಂಕಲ್ಪ ಮಾಡುವ ಮುನ್ನಾದಿನ ವೈದ್ಯರ ಬಳಿ ಹೋಗಿ ಐದಾರು ದಿನದ ಔಷಧಿ ಪಡೆದರೆ ವ್ರತ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಥಯಾಮಿನ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಊಟ ಬಿಟ್ಟು ಕುಡಿಯುವವನ ದೇಹದಲ್ಲಿ ಈ ವಿಟಮಿನ್ ಬರಿದಾಗಿರುತ್ತದೆ. ಸುಸ್ತಾಗಿದೆಯೆಂದು ಅಂಥವನಿಗೆ ಬರೀ ಗ್ಲೂಕೋಸ್ ಬಾಟ್ಲಿ ಏರಿಸಿದರೆ ಇದ್ದಬದ್ದ ಥಯಾಮಿನ್ ಕೂಡ ಅದನ್ನು ಕರಗಿಸಲು ಖರ್ಚಾಗಿ, ಕಣ್ಣಿನ ಚಲನೆ ತಪ್ಪಿ, ನಡಿಗೆ ತೂರಾಡಿ, ಕೊನೆಗೆ ಹೊಸ ನೆನಪೇ ನಿಲ್ಲದ ಸ್ಥಿತಿ ಬರಬಹುದು. ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್ ಎಂಬ ಒಂದು ನಿಯಮ ಊರಿನ ಪ್ರತಿ ಕ್ಲಿನಿಕ್ಕಿಗೂ ಗೊತ್ತಿದ್ದರೆ ಎಷ್ಟೋ ಮಿದುಳುಗಳು ಉಳಿಯುತ್ತವೆ.

ಇನ್ನು ಕುಡಿತ ಮೊದಲೋ, ಕಾಯಿಲೆ ಮೊದಲೋ ಎಂಬ ಪ್ರಶ್ನೆ. ಮನೆಯವರು ಸಾಮಾನ್ಯವಾಗಿ ‘ಕುಡಿದೇ ಹೀಗಾದ’ ಎನ್ನುತ್ತಾರೆ, ಕುಡಿಯುವವನು ‘ಬೇಜಾರಿಗೆ ಕುಡಿಯುತ್ತೇನೆ’ ಎನ್ನುತ್ತಾನೆ. ಇಬ್ಬರ ಮಾತೂ ನಿಜವಿರಬಹುದು, ಇಬ್ಬರದೂ ಅರ್ಧ ನಿಜವಿರಬಹುದು. ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶುಕಿಟ್ 1988ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಮದ್ಯವ್ಯಸನಕ್ಕೆ ಆಸ್ಪತ್ರೆ ಸೇರಿದ ಗಂಡಸರ ಪೈಕಿ ದಾಖಲಾಗುವಾಗ ಶೇ 42ರಷ್ಟು ಮಂದಿಯಲ್ಲಿ ಗಣನೀಯ ಖಿನ್ನತೆ ಕಂಡಿತ್ತು. ಕುಡಿಯದೆ ನಾಲ್ಕು ವಾರ ಕಳೆದ ಮೇಲೆ ಅದು ಶೇ 6ಕ್ಕೆ ಇಳಿದಿತ್ತು. ಅಂದರೆ ಬಹುಮಂದಿಯ ಖಿನ್ನತೆಯನ್ನು ಮದ್ಯವೇ ತಂದಿತ್ತು. ಉಳಿದ ನೂರಕ್ಕೆ ಆರು ಮಂದಿಯನ್ನು ಮರೆಯುವಂತಿಲ್ಲ. ಅವರಲ್ಲಿ ಖಿನ್ನತೆ ಕುಡಿತವನ್ನು ನೆಚ್ಚಿಕೊಂಡಿರದ ಬೇರೆ ರೋಗ. ಅದಕ್ಕೆ ಚಿಕಿತ್ಸೆ ಕೊಡದೆ ಮದ್ಯವನ್ನಷ್ಟೇ ಬಿಡಿಸಿದರೆ ಅವರು ಮರಳಿ ಬಾಟ್ಲಿ ಹಿಡಿಯುತ್ತಾರೆ, ಇಲ್ಲವೇ ಇನ್ನೂ ಕೆಟ್ಟ ದಾರಿ ಹುಡುಕುತ್ತಾರೆ. ಈ ಎರಡು ಬಗೆಯವರನ್ನು ಬೇರ್ಪಡಿಸಲು ಬೇಕಾದದ್ದು ಕಾಲ, ತಾಳ್ಮೆ, ಮತ್ತೆ ಮತ್ತೆ ಕಾಣುವ ವೈದ್ಯ.

ದುಃಖ ಕುಡಿತವಾಗಿ ತಿರುಗುವ ದಾರಿಗಳು ಈ ಕರಾವಳಿಯಲ್ಲಿ ಕಣ್ಣಿಗೆ ಕಾಣುವಂತಿವೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅರ್ಗಾದ ಸುತ್ತಲಿನ ಸಾವಿರಾರು ಕುಟುಂಬಗಳು ಗದ್ದೆ, ತೆಂಗಿನ ಹಿತ್ತಿಲು, ಬಲೆ ಎಳೆಯುವ ದಡ ಬಿಟ್ಟು ಎದ್ದವು. ಪರಿಹಾರದ ಲೆಕ್ಕ ದಶಕಗಳ ಕಾಲ ಕೋರ್ಟಿನಲ್ಲಿ ನಡೆಯಿತು. ಕೆಲಸ ಕಳೆದುಕೊಂಡು, ಕೈಗೆ ಒಮ್ಮೆಲೇ ದುಡ್ಡು ಬಂದು, ನೆರೆಹೊರೆ ಚದುರಿಹೋದ ಮನುಷ್ಯನ ಮನಸ್ಸಿನ ಲೆಕ್ಕವನ್ನು ಯಾವ ಕಡತವೂ ಬರೆದುಕೊಳ್ಳಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿತು. ಹುಡುಕಾಟ ಸೆಪ್ಟೆಂಬರ್‌ವರೆಗೂ ನಡೆಯಿತು. ತಮ್ಮವರ ದೇಹ ಸಿಗದೆ ಕ್ರಿಯಾಕರ್ಮಕ್ಕೂ ದಾರಿಯಿಲ್ಲದೆ ಕಾಯುವವರ ದುಃಖ ಸಾಮಾನ್ಯ ಶೋಕದಂತೆ ದಿನ ಕಳೆದ ಹಾಗೆ ಇಳಿಯುವುದಿಲ್ಲ. ಮಳೆಯ ಸದ್ದಿಗೆ ಬೆಚ್ಚುವುದು, ನಿದ್ದೆ ಬಾರದಿರುವುದು, ಕಂಡದ್ದೇ ಕಣ್ಣೆದುರು ಮರಳುವುದು ವಿಪತ್ತಿನ ನಂತರ ತಿಂಗಳುಗಟ್ಟಲೆ ಉಳಿಯಬಹುದು. ಅಂಥ ಮನೆಗಳಲ್ಲಿ ನಿದ್ದೆಯ ಔಷಧಿಯೆಂದು ಮೊದಲು ಕೈಗೆ ಸಿಗುವುದು ಮದ್ಯ. ಅದು ಬೇಗ ಮಲಗಿಸುತ್ತದೆ ನಿಜ. ಅಮಲು ಇಳಿಯುತ್ತಿದ್ದಂತೆ, ಸುಮಾರು ಮೂರು ಗಂಟೆಯ ಹೊತ್ತಿಗೆ, ಎದೆಬಡಿತದೊಂದಿಗೆ ಎಬ್ಬಿಸುತ್ತದೆ. ಮರುದಿನ ಆತಂಕ ಒಂದು ಗೆರೆ ಮೇಲೇರಿರುತ್ತದೆ, ರಾತ್ರಿಯ ಅಳತೆಯೂ ಒಂದು ಗೆರೆ ಏರುತ್ತದೆ.

ಗಂಗಾವಳಿಯ ಆಚೆ ದಡಕ್ಕೆ ಬಂದರೆ ಗೋಕರ್ಣದ ಸೀಮೆ, ಅಲ್ಲಿ ಗಾಂಜಾದ ಮಾತು. ಇದರ ಬಗ್ಗೆ ಎರಡು ನಂಬಿಕೆಗಳು ಎದುರುಬದುರು ನಿಂತಿವೆ. ಅದು ಶಿವನ ಪ್ರಸಾದ, ಗಿಡಮೂಲಿಕೆ, ಏನೂ ಆಗುವುದಿಲ್ಲ ಎಂಬುದು ಒಂದು. ಒಂದು ದಮ್ಮು ಎಳೆದರೆ ಹುಚ್ಚು ಎಂಬುದು ಇನ್ನೊಂದು. ಎರಡನೆಯದನ್ನು ಪರೀಕ್ಷಿಸಲು ಬ್ರಿಟಿಷ್ ಸರ್ಕಾರವೇ 1893ರಲ್ಲಿ ಒಂದು ಆಯೋಗ ನೇಮಿಸಿತ್ತು. ಕಾರವಾರ ಆಗ ಮುಂಬಯಿ ಪ್ರಾಂತದಲ್ಲಿತ್ತು, ಧಾರವಾಡದಲ್ಲಿ ಹುಚ್ಚಾಸ್ಪತ್ರೆ 1845ರಿಂದಲೂ ಇತ್ತು. ಆಯೋಗದವರು ದೇಶದ ಹುಚ್ಚಾಸ್ಪತ್ರೆಗಳ ದಾಖಲೆಪುಸ್ತಕಗಳನ್ನು ತೆರೆದು ನೋಡಿದರು. ‘ಕಾರಣ’ ಎಂಬ ಕಾಲಂನಲ್ಲಿ ಪೊಲೀಸರು ಕಳಿಸಿದ ಕಾಗದದಲ್ಲಿದ್ದುದನ್ನೇ ಗುಮಾಸ್ತರು ಇಳಿಸಿಕೊಂಡಿದ್ದರು. ಗೊತ್ತಿಲ್ಲದಿದ್ದರೆ ‘ಗಾಂಜಾ’ ಎಂದು ಬರೆಯುವುದು ರೂಢಿಯಾಗಿತ್ತು. 1892ರ ಒಟ್ಟು 1,344 ದಾಖಲಾತಿಗಳ ಪೈಕಿ ಗಾಂಜಾದಿಂದ ಎಂದು ಬರೆದಿದ್ದವನ್ನು ಒಂದೊಂದಾಗಿ ಕೆದಕಿದಾಗ ಗಾಂಜಾ-ಭಂಗಿಗೆ ಸಂಬಂಧ ಕಲ್ಪಿಸಬಹುದಾದವು 98 ಮಾತ್ರ ಉಳಿದವು. ಮಿತವಾದ ಬಳಕೆ ಮನಸ್ಸಿಗೆ ಹಾನಿ ಮಾಡುವುದಿಲ್ಲ, ಅತಿಯಾದ ಬಳಕೆ ಮಾಡುತ್ತದೆ, ಅದರಲ್ಲೂ ಮೊದಲೇ ಮನಸ್ಸಿನ ಸಮತೋಲ ದುರ್ಬಲವಾಗಿರುವವರಿಗೆ ಎಂದು 1894ರ ವರದಿ ಹೇಳಿತು.

ಆ ವರದಿಯ ಬೆಲೆ ಅದರ ತೀರ್ಮಾನಕ್ಕಿಂತ ಅದರ ವಿಧಾನದಲ್ಲಿದೆ. ರೂಢಿಯ ಮಾತನ್ನು ಕಾರಣವೆಂದು ಒಪ್ಪದೆ ಪ್ರತಿ ರೋಗಿಯ ಕತೆ ಕೇಳಿದರು. ಅದೇ ವಿಧಾನ ಇಂದು ನಮ್ಮನ್ನು ಬೇರೆ ಎಚ್ಚರಕ್ಕೆ ಒಯ್ಯುತ್ತದೆ. ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿಯನ್ನು ಇಸ್ರೇಲಿನಲ್ಲಿ ರಫಾಯೆಲ್ ಮೆಕೂಲಮ್ 1964ರಲ್ಲಿ ಬೇರ್ಪಡಿಸಿದರು. ಮಿದುಳಿನಲ್ಲೇ ತಯಾರಾಗಿ ಅದೇ ಬಾಗಿಲನ್ನು ತಟ್ಟುವ ವಸ್ತುವೊಂದು 1992ರಲ್ಲಿ ಸಿಕ್ಕಿತು. ಹರೆಯದಲ್ಲಿ ಮಿದುಳಿನ ಜೋಡಣೆ ಇನ್ನೂ ನಡೆಯುತ್ತಿರುವಾಗ ಹೊರಗಿನಿಂದ ಟಿಎಚ್‌ಸಿ ಸುರಿದರೆ ಆ ಕೆಲಸ ಏರುಪೇರಾಗುತ್ತದೆ. ಸ್ವೀಡನ್‌ನಲ್ಲಿ ಸೈನ್ಯಕ್ಕೆ ಕರೆಬಂದ 45,000ಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿದ 1987ರ ಅಧ್ಯಯನದಲ್ಲಿ, ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಸ್ಕಿಜೋಫ್ರೀನಿಯಾದ ಪ್ರಮಾಣ ಸೇದದವರಿಗಿಂತ ಆರು ಪಟ್ಟು ಇತ್ತು. ಅದರಲ್ಲಿ ಒಂದು ಪಾಲಿಗೆ ಅವರ ಹಿನ್ನೆಲೆಯೇ ಕಾರಣ. ಆದರೂ ಸಂಬಂಧ ಪೂರ್ತಿ ಅಳಿಯಲಿಲ್ಲ, ಮುಂದಿನ ಅಧ್ಯಯನಗಳು ಅದನ್ನು ಗಟ್ಟಿ ಮಾಡಿದವು. ಸೇದುವ ಬಹುಮಂದಿಗೆ ಈ ರೋಗ ಬರುವುದಿಲ್ಲ. ಮನೆತನದಲ್ಲಿ ಈ ರೋಗವಿರುವ, ಹದಿನೈದು ಹದಿನಾರರಲ್ಲೇ ಆರಂಭಿಸಿದ, ದಿನವೂ ಬಲವಾದ ಮಾಲು ಸೇದುವ ಹುಡುಗನಿಗೆ ಅಪಾಯ ನಿಜಕ್ಕೂ ದೊಡ್ಡದು. ನಮ್ಮ ಕಾಲೇಜುಗಳ ಮಾದಕವಸ್ತು ವಿರೋಧಿ ದಿನಾಚರಣೆಗಳಲ್ಲಿ ಇದನ್ನು ಇಷ್ಟೇ ನೇರವಾಗಿ ಹೇಳಬೇಕು. ಉತ್ಪ್ರೇಕ್ಷೆ ಮಾಡಿದರೆ ಸೇದಿ ನೋಡಿದ ಹುಡುಗ ತನಗೇನೂ ಆಗಲಿಲ್ಲವೆಂದು ನಮ್ಮ ಉಳಿದ ಮಾತನ್ನೂ ನಂಬದೆ ಹೋಗುತ್ತಾನೆ.

1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸಜೆ ಇದೆ. ಅದೇ ಕಾಯ್ದೆಯ 64ಎ ಕಲಮಿನಲ್ಲಿ ಇನ್ನೊಂದು ಮಾತಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಮುಂದಾಗಿ ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಮಗ ಸಿಕ್ಕಿಬಿದ್ದಾಗ ಠಾಣೆಗೆ ಓಡುವ ತಂದೆತಾಯಿಗೆ ಈ ಕಲಮನ್ನು ಹೇಳಿಕೊಡಬೇಕು. ಮಾರುವವನ ಮೇಲೆ ಕಾನೂನು ಎಷ್ಟು ಬಿಗಿಯಾಗಿದ್ದರೂ ಸರಿ. ಸೇದಿ ಹಾಳಾಗುತ್ತಿರುವ ಹುಡುಗನಿಗೆ ಠಾಣೆಯಿಂದ ಆಸ್ಪತ್ರೆಗೆ ಹೋಗುವ ದಾರಿಯನ್ನು ಶಾಸನವೇ ತೆರೆದಿಟ್ಟಿದೆ.

ವಿಪರ್ಯಾಸವೆಂದರೆ ಇಷ್ಟೆಲ್ಲ ವಸ್ತುಗಳನ್ನು ಸಹಿಸುವ ಸಮಾಜ ಹೆದರುವುದು ಮನೋವೈದ್ಯರ ಮಾತ್ರೆಗೆ. ‘ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ತಿನ್ನಬೇಕು, ಚಟವಾಗುತ್ತದೆ, ಮಂಕಾಗುತ್ತಾರೆ’ ಎಂಬ ಮಾತು ಮನೆಮನೆಯಲ್ಲಿದೆ. ಇದನ್ನು ಒಂದೇ ಏಟಿಗೆ ತಳ್ಳಿಹಾಕುವುದು ಸರಿಯಲ್ಲ, ಬಿಡಿಸಿ ನೋಡಬೇಕು. ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಮ್, ಡಯಾಜೆಪಾಮ್ ಗುಂಪಿನ ಮಾತ್ರೆಗಳು ವಾರಗಟ್ಟಲೆ ತಿಂದರೆ ಚಟವಾಗುವುದು ನಿಜ. ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ತಾವೇ ಕೊಂಡು ತಿನ್ನುವವರು ಈ ಬಲೆಗೆ ಬೀಳುತ್ತಾರೆ. ಖಿನ್ನತೆಯ ಮಾತ್ರೆಗಳು ಆ ಜಾತಿಯವಲ್ಲ. ಅವು ಅಮಲು ತರುವುದಿಲ್ಲ, ದಿನದಿನಕ್ಕೆ ಹೆಚ್ಚು ಬೇಕೆನಿಸುವುದಿಲ್ಲ. ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಹಿಡಿಯುತ್ತವೆ, ಬಿಡುವಾಗ ವೈದ್ಯರ ಸಲಹೆಯಂತೆ ಮೆಲ್ಲಗೆ ಬಿಡಬೇಕು. ಸ್ಕಿಜೋಫ್ರೀನಿಯಾದ ಔಷಧಿಗಳೂ ಚಟವಾಗುವುದಿಲ್ಲ. ಕೆಲವು ಮೈತೂಕ ಏರಿಸುತ್ತವೆ, ಕೆಲವು ನಡುಕ, ಬಿಗಿತ ತರುತ್ತವೆ. ಇದನ್ನು ವೈದ್ಯರು ಮೊದಲೇ ಹೇಳಬೇಕು, ರೋಗಿ ಕೇಳಬೇಕು.

ಇವು ಬರುವ ಮೊದಲು ಏನಿತ್ತೆಂಬುದನ್ನೂ ನೆನೆಯಬೇಕು. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬರುವವರೆಗೆ ತೀವ್ರ ಮನೋರೋಗಿಗೆ ಹೆಚ್ಚಾಗಿ ಬೀಗ, ಸರಪಳಿ, ತಣ್ಣೀರೇ ಗತಿಯಾಗಿತ್ತು. ಅದಕ್ಕೂ ಎರಡು ದಶಕ ಮೊದಲು, 1931ರಲ್ಲಿ, ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಬೋಸ್ ಸರ್ಪಗಂಧದ ಬೇರು ಉನ್ಮಾದವನ್ನು ಶಮನ ಮಾಡುತ್ತದೆಂದು ಬರೆದಿದ್ದರು. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಆ ಗಿಡದಿಂದ ತೆಗೆದ ರಿಸರ್ಪಿನ್ ಜಗತ್ತಿನ ಮೊದಲ ಮನೋರೋಗ ಔಷಧಿಗಳಲ್ಲಿ ಒಂದಾಯಿತು. ಅದೇ ಕೆಲವರನ್ನು ಖಿನ್ನತೆಗೆ ದೂಡಿದ್ದೂ ಕಂಡುಬಂತು. ಗಿಡದಿಂದ ಬಂದದ್ದೆಲ್ಲ ನಿರಪಾಯ, ಕಾರ್ಖಾನೆಯದ್ದೆಲ್ಲ ವಿಷ ಎಂಬ ವಿಂಗಡಣೆಗೆ ಆಧಾರವಿಲ್ಲ. ಯಾವ ವಸ್ತು, ಎಷ್ಟು, ಯಾರಿಗೆ, ಎಷ್ಟು ಕಾಲ ಎಂಬ ನಾಲ್ಕು ಪ್ರಶ್ನೆಗಳೇ ಮದ್ದು ಯಾವುದು ವಿಷ ಯಾವುದು ಎಂದು ತೀರ್ಮಾನಿಸುತ್ತವೆ. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಗೂ ಇದೇ ಮಾತು ಅನ್ವಯಿಸುತ್ತದೆ. ಅದರಲ್ಲಿ ಡೈಸಲ್ಫಿರಾಮ್ ಇದ್ದು ಅವನು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಅವನೇ ಒಪ್ಪಿ ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಅದೇ ಮಾತ್ರೆ ನೆರವಾಗುತ್ತದೆ. ಕುಡಿಯುವ ತವಕವನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳೂ ಇಂದು ಇವೆ.

ಇಷ್ಟು ಹೇಳಿದ ಮೇಲೆ ಒಂದು ಬಲವಾದ ಆಕ್ಷೇಪ ಬರುತ್ತದೆ, ಅದನ್ನು ಎತ್ತುವವರು ಹೆಚ್ಚಾಗಿ ಹೆಂಗಸರೇ. ಕುಡಿತ ರೋಗ ಎಂದುಬಿಟ್ಟರೆ ಹೊಡೆದವನಿಗೆ, ಹೆಂಡತಿಯ ತಾಳಿ ಮಾರಿದವನಿಗೆ ತಪ್ಪೊಪ್ಪಿಕೊಳ್ಳುವ ಹೊಣೆಯೇ ಇಲ್ಲವಾಗದೇ? ಈ ಆಕ್ಷೇಪದ ಹಿಂದೆ ವರ್ಷಗಟ್ಟಲೆ ಉಂಡ ಪೆಟ್ಟಿದೆ, ಅದಕ್ಕೆ ಗೌರವದಿಂದ ಉತ್ತರಿಸಬೇಕು. ಮದ್ಯಾವಲಂಬನೆ ಬರುವುದರಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ರೋಗ ಅಂಟಿಕೊಂಡದ್ದಕ್ಕೆ ಅವನೊಬ್ಬನನ್ನೇ ದೂರಲಾಗದು. ಹೊಡೆದದ್ದು ಮಾತ್ರ ಅಪರಾಧವೇ, ಅದಕ್ಕೆ ಕಾನೂನಿದೆ, ಹೆಂಡತಿಗೆ ರಕ್ಷಣೆ ಪಡೆಯುವ ಹಕ್ಕಿದೆ. ಸಕ್ಕರೆ ಕಾಯಿಲೆಯವರು ಪಥ್ಯ ಮಾಡುವ ಹೊಣೆ ಹೊತ್ತಂತೆ ಚಿಕಿತ್ಸೆಗೆ ಬರುವ, ಅದನ್ನು ಬಿಡದೆ ಪಾಲಿಸುವ ಹೊಣೆ ಕುಡಿಯುವವನದ್ದು. ಚಿಕಿತ್ಸೆಯನ್ನೇ ಎಟುಕುವಂತೆ ಇಡದ ಸಮಾಜ ಆ ಹೊಣೆಯ ಬಗ್ಗೆ ಅವನನ್ನು ಕೇಳುವ ನೈತಿಕ ಹಕ್ಕು ಕಳೆದುಕೊಳ್ಳುತ್ತದೆ. ಇನ್ನೊಂದು ಮಾತು: ಆ ಮನೆಯ ಹೆಂಗಸಿನ ಖಿನ್ನತೆ, ಮಕ್ಕಳ ಭಯ ಕೂಡ ರೋಗಗಳೇ. ಕುಡಿಯುವವನ ಹೆಸರಿನಲ್ಲಿ ಚೀಟಿ ಮಾಡಿಸುವ ದಿನವೇ ಅವರನ್ನೂ ವೈದ್ಯರು ಕೇಳಬೇಕು.

ಎಟುಕುವ ಚಿಕಿತ್ಸೆ ಎಂಬುದು ಕನಸಿನ ಮಾತಲ್ಲ. ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ನೀಡಬಹುದೆಂದು ದೇಶಕ್ಕೆ ತೋರಿಸಿದ್ದೇ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಆ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಿಂದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ರೂಪುಗೊಂಡಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಮನೋಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿ ಚಿಕಿತ್ಸೆಯನ್ನು ಹಕ್ಕಾಗಿಸಿತು. ಕಾರವಾರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಅರಬೈಲ್ ಘಟ್ಟ ಹತ್ತಿ ಧಾರವಾಡಕ್ಕೇ ಹೋಗಬೇಕೆಂಬ ಕಾಲ ಮುಗಿಯಬೇಕು. ಆದರೂ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಾವಲಂಬಿಗಳ ಪೈಕಿ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿರುವುದು 38 ಮಂದಿಯಲ್ಲಿ ಒಬ್ಬರಿಗೆ. ಕಾಗದದ ಮೇಲಿನ ವ್ಯವಸ್ಥೆಗೂ ಮನೆಬಾಗಿಲಿಗೂ ನಡುವೆ ಇರುವುದು ನಾಚಿಕೆ, ತಪ್ಪು ತಿಳಿವಳಿಕೆ ಮತ್ತು ಮೊದಲು ಹೋಗಿ ಕೇಳುವ ಜಾಗದ ಕೊರತೆ. ಅದರಿಂದಲೇ ನೋಟ ನೋಡಿಸಲು ಹೋಗುತ್ತಾರೆ, ಗಾಳಿ ಬಿಡಿಸುವ ಗಾಡಿಗರ ಬಳಿ ಹೋಗುತ್ತಾರೆ. ಅಲ್ಲಿ ಕತೆ ಕೇಳುವವರಾದರೂ ಇರುತ್ತಾರೆ. ಅದನ್ನು ಹೀಗಳೆಯುವುದರಿಂದ ಫಲವಿಲ್ಲ. ಅಲ್ಲಿಗೆ ಹೋದವರೂ ಜೊತೆಗೇ ಆಸ್ಪತ್ರೆಗೆ ಬರುವಂತೆ ಆಗಬೇಕು.

2022ರಲ್ಲಿ ಈ ಜಿಲ್ಲೆಯ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಒಂದೇ ದನಿಯಲ್ಲಿ ಕೂಗಿದರು. ಹೃದಯಕ್ಕೆ, ಅಪಘಾತಕ್ಕೆ ಎಂದು ಎದ್ದ ಆ ದನಿಗೆ ಮನಸ್ಸಿನ ಚಿಕಿತ್ಸೆಯೂ ಸೇರಬೇಕು. ಕೇಳಬೇಕಾದದ್ದು ದೊಡ್ಡ ಕಟ್ಟಡವೇನಲ್ಲ. ಅಂಕೋಲೆ, ಕಾರವಾರದ ಆಸ್ಪತ್ರೆಗಳಲ್ಲಿ ಯಾವ ಕಾರಣಕ್ಕೆ ದಾಖಲಾದ ರೋಗಿಯನ್ನೂ ‘ಕೊನೆಯ ಸಲ ಕುಡಿದದ್ದು ಯಾವಾಗ’ ಎಂದು ಜರೆಯದ ದನಿಯಲ್ಲಿ ಕೇಳುವ ಪದ್ಧತಿ. ಥಯಾಮಿನ್ ಮತ್ತು ಲೊರಾಜೆಪಾಮ್ ಎಂದೂ ಖಾಲಿಯಾಗದ ದಾಸ್ತಾನು. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು, ಅವುಗಳ ನಂತರದ ನವಜೀವನ ಸಮಿತಿಗಳು ಸಾವಿರಾರು ಮನೆಗಳಿಗೆ ದಾರಿ ತೋರಿಸಿವೆ. ಅಂಥ ಪ್ರತಿ ಶಿಬಿರದ ಮೊದಲ ನಾಲ್ಕು ದಿನ ಸರ್ಕಾರಿ ವೈದ್ಯರೊಬ್ಬರು ಅಲ್ಲಿರುವ ಏರ್ಪಾಡು. ಜೂನ್, ಜುಲೈ ತಿಂಗಳ ಮೀನುಗಾರಿಕೆ ರಜೆಯಲ್ಲಿ ದುಡಿಮೆಯಿಲ್ಲದ ಕೈಗಳು ಬಾಟ್ಲಿ ಹಿಡಿಯುವ ಮೊದಲೇ ಬೈತಖೋಲ, ಬೇಲೇಕೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರ ಭೇಟಿ. ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಬರುತ್ತಿದೆ. ಅದರಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಆ ಮದ್ಯದಿಂದ ಕಾಯಿಲೆ ಬಿದ್ದವರಿಗೆ ಎತ್ತಿಟ್ಟರೂ 300 ಕೋಟಿಯಾಗುತ್ತದೆ. ಇದು ದಾನವಲ್ಲ, ಸರ್ಕಾರ ತೀರಿಸಬೇಕಾದ ಸಾಲ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಮನೆಯಲ್ಲಿ ಯಾರಾದರೂ ಕುಡಿತ ಬಿಡುತ್ತೇನೆ ಎಂದರೆ ಆಣೆ ಹಾಕಿಸುವ ಬದಲು ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹುಡುಗನೊಬ್ಬ ಒಂಟಿಯಾಗಿ ಕೂತು ಇಲ್ಲದ ದನಿ ಕೇಳುತ್ತಿದ್ದರೆ, ಹೆಂಗಸೊಬ್ಬಳು ಎರಡು ವಾರದಿಂದ ಊಟ ನಿದ್ದೆ ಬಿಟ್ಟು ಬದುಕೇ ಬೇಡ ಎನ್ನುತ್ತಿದ್ದರೆ, 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಿ. ಹಗಲಿರುಳೂ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ಖರ್ಚಿಲ್ಲ. ಆರು ತಿಂಗಳು ಕುಡಿಯದೆ ಇದ್ದವನು ಒಂದು ಸಂಜೆ ಜಾರಿದರೆ ಎಲ್ಲ ಮುಗಿಯಿತೆಂದು ಕೈಬಿಡಬೇಡಿ. ಈ ರೋಗದಲ್ಲಿ ಮರುಕಳಿಕೆ ಸಾಮಾನ್ಯ, ಮತ್ತೆ ಚಿಕಿತ್ಸೆ ಆರಂಭಿಸಿದರೆ ಮತ್ತೆ ಗುಣವಾಗುವುದೂ ಅಷ್ಟೇ ಸಾಮಾನ್ಯ. ನಡುಗುವ ಕೈಯನ್ನು ಕಂಡು ‘ಇವನಿಗೆ ಬುದ್ಧಿಯಿಲ್ಲ’ ಎನ್ನುವ ಊರು, ‘ಇವನಿಗೆ ಇಂದೇ ಔಷಧಿ ಬೇಕು’ ಎನ್ನುವುದನ್ನು ಕಲಿತ ದಿನ ಈ ಕರಾವಳಿಯಲ್ಲಿ ತಪ್ಪಿಸಬಹುದಾದ ಸಾವುಗಳು ತಪ್ಪಲು ಆರಂಭಿಸುತ್ತವೆ.